ಪಾತ್ರೆಯಿಲ್ಲದ ರುಚಿ

ರುಚಿ ಇರುವುದು ಪಾನೀಯದಲ್ಲೋ, ಕುಡಿಯುವವನಲ್ಲೋ? ನ್ಯಾಯ-ವೈಶೇಷಿಕ ದರ್ಶನದವರ ಉತ್ತರ ಖಚಿತ: ರಸ ದ್ರವ್ಯದ ಗುಣ, ನಾಲಿಗೆ ಅದನ್ನು ಗ್ರಹಿಸುವ ಇಂದ್ರಿಯ. ನೀರಿನ ಸಹಜ ರಸ ಮಧುರ. ನಿಂಬೆರಸದ ಹುಳಿ ಅದರಲ್ಲಿ ಬೆರೆತ ಪೃಥ್ವಿಯ ಉಪಾಧಿಯಿಂದ, ಎಂದರೆ ಹೊರಗಿನ ನಿಮಿತ್ತದಿಂದ, ಬಂದದ್ದು. ಈ ಲೆಕ್ಕದಲ್ಲಿ ಪಾತ್ರೆಗೆ ಜಾಗವಿಲ್ಲ. ಆದರೆ ಒಂದೇ ವೈನನ್ನು ಹೊಟ್ಟೆ ಅಗಲವಾಗಿ ಬಾಯಿ ಕಿರಿದಾದ ಗ್ಲಾಸಿಗೆ ಸುರಿದರೆ ಪರಿಮಳ ಮೂಗಿನ ಬಳಿಯೇ ಕಲೆಯುತ್ತದೆ. ಬಾಯಿ ಅಗಲವಾದ ಬಟ್ಟಲಿನಲ್ಲಿ ಚದುರಿಹೋಗುತ್ತದೆ. ನಾವು ರುಚಿ ಎನ್ನುವುದರಲ್ಲಿ ವಾಸನೆಯ ಪಾಲು ದೊಡ್ಡದು. (ಗ್ಲಾಸಿನ ಅಂಚು ವೈನನ್ನು ನಾಲಿಗೆಯ ‘ಸಿಹಿ ಭಾಗ’ಕ್ಕೆ ತಲುಪಿಸುತ್ತದೆಂಬುದು ವ್ಯಾಪಾರದ ಮಾತು, ನಾಲಿಗೆಯ ಆ ನಕ್ಷೆಯೇ ತಪ್ಪು.)

ಗಂಧ ಬೇರೆ ಗುಣ, ಘ್ರಾಣ ಬೇರೆ ಇಂದ್ರಿಯ, ಇದರಲ್ಲಿ ರುಚಿಯ ಮಾತೆಲ್ಲಿ ಬಂತು ಎಂದು ನೈಯಾಯಿಕ ಕೇಳಬಹುದು. ದಾಸವಾಳದ ಪಕ್ಕದಲ್ಲಿ ಸ್ಫಟಿಕ ಕೆಂಪಾಗಿ ಕಂಡಂತೆ ಪಾತ್ರೆಯೂ ಬರೀ ಉಪಾಧಿ ಎನ್ನಬಹುದು. ಆಕ್ಷೇಪ ಹಗುರವಾದದ್ದಲ್ಲ. ಆದರೆ ಹೂವನ್ನು ಸರಿಸಿದರೆ ಸ್ಫಟಿಕದ ನಿಜರೂಪ ಕಾಣುತ್ತದೆ. ಪಾತ್ರೆಯನ್ನು ಸರಿಸಿ ಕುಡಿಯುವುದು ಹೇಗೆ? ಬೊಗಸೆಯೂ ಪಾತ್ರೆಯೇ. ಹಾಗಾದರೆ ಎಲ್ಲವೂ ಮನಸ್ಸಿನ ಆಟವೇ? 2001ರಲ್ಲಿ ಪ್ರಕಟವಾದ ಫ್ರೆಂಚ್ ಪ್ರಯೋಗವೊಂದರಲ್ಲಿ, ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ವೈನ್ ಶಾಸ್ತ್ರದ ವಿದ್ಯಾರ್ಥಿಗಳು ಕೆಂಪು ವೈನಿನ ಪದಗಳಲ್ಲೇ ವರ್ಣಿಸಿದ್ದರು. ನಿರೀಕ್ಷೆಯ ಕೈವಾಡ ಇದ್ದೇ ಇದೆ. ಆದರೆ ಲೋಟದಿಂದ ಬಟ್ಟಲಿಗೆ ಎತ್ತಿ ಸುರಿದ ಕಾಫಿ, ಕಣ್ಣು ಮುಚ್ಚಿ ಕುಡಿದರೂ ಆರಿರುತ್ತದೆ, ನೊರೆಗಟ್ಟಿರುತ್ತದೆ. ಹಾಗಾದರೆ ರುಚಿ ಪಾನೀಯ, ಪಾತ್ರೆ ಎರಡಕ್ಕೂ ಸೇರಿದ್ದಿರಬಹುದು. ಸಂಯೋಗವೆಂಬ ಗುಣ ಎರಡು ದ್ರವ್ಯಗಳಲ್ಲಿ ಒಟ್ಟಿಗೆ ನೆಲೆಸುತ್ತದೆಂದು ವೈಶೇಷಿಕರೇ ಒಪ್ಪುತ್ತಾರೆ. ರುಚಿಯನ್ನೂ ಆ ಸಾಲಿಗೆ ಸೇರಿಸಲು ಅವರ ಗುಣಗಳ ಪಟ್ಟಿಯಲ್ಲೇ ಜಾಗವಿತ್ತು. ಅಡ್ಡ ಬಂದದ್ದು ನೀರಿಗೆ ತನ್ನದೇ ಒಂದು ರಸ ಇರಲೇಬೇಕೆಂಬ ಹಟ.