ಮಣ್ಣಿನ ಮಾನವ



ಮಾನವನು ಎಲ್ಲಿಂದ ಬಂದನೆಂಬ ಪ್ರಶ್ನೆಗೆ ಧರ್ಮಗಳು ತಮ್ಮ ತಮ್ಮ ರೀತಿಯಲ್ಲಿ ಉತ್ತರಿಸಿವೆ. ಆ ಉತ್ತರಗಳನ್ನು ಭೌತಶಾಸ್ತ್ರವೆಂದು ಓದಿದರೆ ಅವುಗಳ ಸಾರ ದಕ್ಕುವುದಿಲ್ಲ. ಮಾನವನು ಹೇಗೆ ಬಾಳಬೇಕೆಂಬುದರ ಸಂಕೇತಗಳೆಂದು ಓದಿದಾಗ ಮಾತ್ರ ಅವುಗಳ ಅಂತರಂಗ ತೆರೆಯುತ್ತದೆ.

ಯಹೂದ್ಯರ ಧರ್ಮಗ್ರಂಥದ ಮೊದಲ ಭಾಗವಾದ ಆದಿಕಾಂಡದ 2ನೆಯ ಅಧ್ಯಾಯದಲ್ಲಿ, ದೇವರು ನೆಲದ ಧೂಳಿನಿಂದ ಮಾನವನನ್ನು ರೂಪಿಸಿ ಅವನ ಮೂಗಿನಲ್ಲಿ ಜೀವಶ್ವಾಸವನ್ನೂದಿದ ಪ್ರಸಂಗವಿದೆ. ಹೀಬ್ರೂ ಭಾಷೆಯಲ್ಲಿ ಮಾನವನಿಗೆ ‘ಆದಾಮ್’, ನೆಲಕ್ಕೆ ‘ಆದಾಮಾ’ ಎಂಬ ಹೆಸರು. ಹೆಸರೇ ಅವನ ಮೂಲವನ್ನು ಸಾರುತ್ತದೆ. ‘ರೂಪಿಸಿದನು’ ಎನ್ನಲು ಅಲ್ಲಿ ಬಳಸಿದ ಕ್ರಿಯಾಪದವೂ, ಕುಂಬಾರನನ್ನು ಸೂಚಿಸುವ ‘ಯೋತ್ಸೇರ್’ ಎಂಬ ಪದವೂ ಒಂದೇ ಧಾತುವಿನವು. ಮಡಕೆಯ ನಾದಕ್ಕೆ ಶಿವನನ್ನೇ ಕುಣಿಸಿದ ಕುಂಬಾರ ಗುಂಡಯ್ಯನ ಚರಿತೆಯನ್ನು ಹರಿಹರನ ರಗಳೆಯಿಂದ ಬಲ್ಲ ನಮಗೆ ಈ ಚಿತ್ರವು ಪರಕೀಯವೆನಿಸದು.

ಮಣ್ಣಿನಿಂದಾದವನು ಎಂಬುದು ಮಾನವನಿಗೆ ಹೀನಾಯವೇ? ಅಲ್ಲ. ಧೂಳು ಅವನ ಅಹಂಕಾರವನ್ನು ತಗ್ಗಿಸುತ್ತದೆ, ದೈವಶ್ವಾಸವು ಅವನ ಘನತೆಯನ್ನು ಎತ್ತಿಹಿಡಿಯುತ್ತದೆ. ಇವೆರಡರಲ್ಲಿ ಒಂದನ್ನು ಮರೆತವನು ಗರ್ವಿಯಾಗುತ್ತಾನೆ, ಇನ್ನೊಂದನ್ನು ಮರೆತವನು ದೀನನಾಗುತ್ತಾನೆ.

ಯಹೂದ್ಯ ಆಚಾರ್ಯರು ಈ ಸಂಕೇತವನ್ನು ಇನ್ನಷ್ಟು ವಿಸ್ತರಿಸಿದರು. ಮೊದಲ ಮಾನವನ ದೇಹದ ಧೂಳನ್ನು ಜಗತ್ತಿನ ಎಲ್ಲ ಭಾಗಗಳಿಂದಲೂ ಕೂಡಿಸಲಾಯಿತೆಂದು ರಬ್ಬಿ ಮೇಯಿರರ ಹೆಸರಿನಲ್ಲಿ ತಾಲ್ಮುದ್ ಗ್ರಂಥವು ಹೇಳುತ್ತದೆ. ಒಬ್ಬನೇ ಮಾನವನನ್ನು ಮೊದಲು ಸೃಷ್ಟಿಸಿದುದೇಕೆ? ತನ್ನ ತಂದೆಯ ಕುಲವೇ ಹಿರಿದೆಂದು ಯಾರೂ ಯಾರಿಗೂ ಹೇಳಬಾರದೆಂದೇ ಎಂಬುದು ಮಿಶ್ನಾ ಗ್ರಂಥದ ವಿವರಣೆ. 12ನೆಯ ಶತಮಾನದ ಕಲ್ಯಾಣದಲ್ಲಿ ನಮ್ಮ ಶರಣರು ಆಚರಿಸಿ ತೋರಿದ ಸತ್ಯವೂ ಇದೇ ಅಲ್ಲವೇ?

ಆ ಮಾನವನನ್ನು ತೋಟದಲ್ಲಿರಿಸಿದುದು ಅದನ್ನು ಉಳುವುದಕ್ಕೆ ಮತ್ತು ಕಾಯುವುದಕ್ಕೆ. ಉಳುಮೆಗೆ ಅಲ್ಲಿ ಬಳಸಿದ ಹೀಬ್ರೂ ಕ್ರಿಯಾಪದಕ್ಕೆ ಸೇವಿಸು, ಆರಾಧಿಸು ಎಂಬ ಅರ್ಥಗಳೂ ಉಂಟು. ದುಡಿಮೆಯೂ ಪೂಜೆಯೂ ಒಂದೇ ಶಬ್ದದಲ್ಲಿ ಅಡಗಿರುವುದನ್ನು ಕಂಡಾಗ ಕಾಯಕ ತತ್ತ್ವವನ್ನು ನಂಬಿದವರ ಮನಸ್ಸು ಅರಳದಿರದು.

ಆದರೂ ಭೇದವನ್ನು ಮರೆಮಾಚಬಾರದು. ಆ ಕಥೆಯಲ್ಲಿ ಸೃಷ್ಟಿಕರ್ತನು ಬೇರೆ, ಸೃಷ್ಟಿಯು ಬೇರೆ. ನಮ್ಮ ಸಿದ್ಧಾಂತದಲ್ಲಿ ಅಂಗವೂ ಲಿಂಗವೂ ಒಂದೇ ಸ್ಥಲದಿಂದ ತೋರಿ, ಕಡೆಗೆ ಸಾಮರಸ್ಯವನ್ನು ಹೊಂದುತ್ತವೆ. ಷಟ್‌ಸ್ಥಲದ ಮೊದಲ ಮೆಟ್ಟಿಲಾದ ಭಕ್ತಸ್ಥಲಕ್ಕೆ ಪೃಥ್ವಿಯೇ ಅಂಗ, ಆಚಾರಲಿಂಗವೇ ಲಿಂಗ, ಘ್ರಾಣವೇ ಇಂದ್ರಿಯ. ಅಲ್ಲಿ ಮಣ್ಣು ಸೃಷ್ಟಿಯ ಆರಂಭವಾದರೆ ಇಲ್ಲಿ ಸಾಧನೆಯ ಆರಂಭ. ನೆಲಕ್ಕೆ ಕಾಲೂರದೆ ಆಕಾಶವನ್ನು ಮುಟ್ಟಲಾಗದೆಂಬುದನ್ನು ಎರಡು ಮಾರ್ಗಗಳೂ ಒಪ್ಪುತ್ತವೆ.

ಈ ತತ್ತ್ವವು ನಮಗೆ ದೂರದ್ದಲ್ಲ. ಜಗಳೂರಿನ ಮಸಾರಿ ನೆಲದ ರಾಗಿಯಲ್ಲಿರುವ ಸುಣ್ಣದ ಅಂಶ ಮಣ್ಣಿನದೇ; ಉಂಡ ಮಗುವಿನಲ್ಲಿ ಅದೇ ಎಲುಬಾಗುತ್ತದೆ. ತುಂಗಭದ್ರೆಯ ದಡದ ಹೊನ್ನಾಳಿಯ ಭತ್ತವೂ, ಸೂಳೆಕೆರೆಯ ನೀರುಂಡ ಚನ್ನಗಿರಿಯ ನೆಲದ ಫಲವೂ ಹೀಗೆಯೇ ದೇಹವಾಗುತ್ತವೆ. ನ್ಯಾಮತಿ, ಹೊನ್ನಾಳಿಗಳ ಕಡೆಯ ರೈತರು ಭೂಮಿ ಹುಣ್ಣಿಮೆಯಂದು ನೆಲವನ್ನು ತುಂಬು ಗರ್ಭಿಣಿಯೆಂದು ಭಾವಿಸಿ ಉಣಬಡಿಸುವುದರಲ್ಲಿ ಈ ಅರಿವೇ ಇದೆ. ಲಿಂಗೈಕ್ಯರನ್ನು ಅಂಗೈಯಲ್ಲಿ ಇಷ್ಟಲಿಂಗವಿರಿಸಿ, ಕುಳಿತ ಭಂಗಿಯಲ್ಲಿಯೇ ನೆಲದೊಡಲಿಗೆ ಒಪ್ಪಿಸುವ ನಮ್ಮ ಸಂಸ್ಕಾರವೂ ಅದನ್ನೇ ನುಡಿಯುತ್ತದೆ.

ಹಾಗಿದ್ದೂ ಎಷ್ಟೋ ಊರುಗಳಲ್ಲಿ ಜಾತಿಗೊಂದು ರುದ್ರಭೂಮಿಯಿದೆ. ಬದುಕಿರುವಾಗ ಹಾಕಿದ ಬೇಲಿಯನ್ನು ಸತ್ತ ಮೇಲೂ ಕಾಯುತ್ತಿದ್ದೇವೆ. ಹಿಡಿಮಣ್ಣು ಕೊಡುವ ಕೈ ತನ್ನ ಹಿಡಿಯಲ್ಲಿರುವುದು ಯಾವ ಜಾತಿಯ ಮಣ್ಣೆಂದು ಹೇಳಬಲ್ಲದೇ? ಬಸವಾದಿ ಶರಣರ ಹೆಸರು ಹೇಳುವ ನಾವು ಮೊದಲು ಉತ್ತರಿಸಬೇಕಾದ ಪ್ರಶ್ನೆಯಿದು. ವೇದಿಕೆಯ ಮೇಲೆ ಸಮತೆಯನ್ನು ಸಾರಿ, ಊರ ಸ್ಮಶಾನದಲ್ಲಿ ಅದನ್ನು ನಿರಾಕರಿಸಿದರೆ ನಮ್ಮ ವಿಭೂತಿ ಬರಿಯ ಬೂದಿಯಾಗಿ ಉಳಿದೀತು.

ಆದುದರಿಂದ, ಬಂಧುಗಳೇ, ನಿಮ್ಮ ಊರಿನ ರುದ್ರಭೂಮಿಯ ವಿಚಾರವು ಪಂಚಾಯಿತಿಯಲ್ಲಿ ಬಂದಾಗ ಎಲ್ಲರಿಗೂ ಒಂದೇ ನೆಲವಿರಲೆಂದು ಎದ್ದು ನುಡಿಯಿರಿ. ಉಳುವ ನೆಲವನ್ನು ಸತ್ತ್ವಗುಂದಿಸದೆ ಮಕ್ಕಳಿಗೆ ಒಪ್ಪಿಸಿರಿ. ಮಣ್ಣು ನಮ್ಮನ್ನು ಹೊತ್ತು ತಾಳಿದೆ. ಅದರ ತಾಳ್ಮೆಯು ನಮ್ಮ ಆಚಾರವಾಗಲಿ, ಅದರ ಸಮತೆಯು ನಮ್ಮ ಧರ್ಮವಾಗಲಿ.