ಕರೆಯದೆ ಬಂದ ಮೀನು

ಅಮೆರಿಕದ ವಾಯವ್ಯ ಭಾಗದಲ್ಲಿ ಮೊಂಟಾನಾ ಎಂಬ ರಾಜ್ಯವಿದೆ. ಮ್ಯಾಡಿಸನ್, ಯೆಲ್ಲೋಸ್ಟೋನ್, ಬಿಗ್ ಹೋಲ್ ಮುಂತಾದ ಅಲ್ಲಿನ ತಣ್ಣೀರಿನ ನದಿಗಳಿಗೆ ದೂರದೂರದಿಂದ ಜನ ಗಾಳ ಹಿಡಿದು ಬರುತ್ತಾರೆ. ನಮ್ಮ ಹೊಳೆಗಳಲ್ಲಿ ಎರೆಹುಳುವನ್ನೋ ರಾಗಿ ಮುದ್ದೆಯ ಚೂರನ್ನೋ ಕೊಕ್ಕೆಗೆ ಸಿಕ್ಕಿಸಿ ಕುಳಿತುಕೊಳ್ಳುವ ಗಾಳವಲ್ಲ ಅದು. ಹಕ್ಕಿಯ ಗರಿ, ಪ್ರಾಣಿಯ ರೋಮ, ಬಣ್ಣದ ದಾರಗಳನ್ನು ಪುಟ್ಟ ಕೊಕ್ಕೆಗೆ ಸುತ್ತಿ ಕೃತಕ ನೊಣವೊಂದನ್ನು ಮಾಡುತ್ತಾರೆ. ಅದಕ್ಕೆ ತೂಕವೇ ಇಲ್ಲದ್ದರಿಂದ ದಾರದ ಭಾರದಿಂದಲೇ ಗಾಳಿಯಲ್ಲಿ ಬೀಸಿ ನೀರಿಗೆ ಇಳಿಸಬೇಕು. ಇದಕ್ಕೆ ಫ್ಲೈ ಫಿಶಿಂಗ್ ಎಂದು ಹೆಸರು. ಕೈಗೂಡಲು ವರ್ಷಗಳು ಬೇಕು. ಕಲಿತವರು ಅದನ್ನು ಬೇಟೆ ಎನ್ನುವುದಕ್ಕಿಂತ ಧ್ಯಾನ ಎಂದೇ ಹೇಳಿಕೊಳ್ಳುತ್ತಾರೆ. ಮೀನಿನ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.

ಅವರು ಅರಸಿ ಬರುವುದು ಟ್ರೌಟ್ ಎಂಬ ಚುಕ್ಕೆ ಮೈಯ ಮೀನನ್ನು. ಗಂಟೆಗಟ್ಟಲೆ ಕೊರೆಯುವ ನೀರಿನಲ್ಲಿ ನಿಂತ ಮೇಲೆ ಒಮ್ಮೆ ದಾರ ಬಿಗಿಯುತ್ತದೆ, ಕೋಲು ಬಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಹತ್ತಿರಕ್ಕೆ ಎಳೆದು ನೋಡಿದರೆ ಅದು ಟ್ರೌಟ್ ಅಲ್ಲ! ಬೆಳ್ಳಿ ಬಣ್ಣದ, ಮೂತಿಯ ಕೆಳಗೆ ಪುಟ್ಟ ಬಾಯಿಯ, ಮೌಂಟನ್ ವೈಟ್‌ಫಿಷ್ ಎಂಬ ಇನ್ನೊಂದು ಮೀನು. ತಳದ ಹುಳುಗಳನ್ನು ತಿಂದು ಬದುಕುವ ಅದು, ಟ್ರೌಟ್‌ಗೆಂದು ಆಳಕ್ಕೆ ಇಳಿಬಿಟ್ಟ ನೊಣವನ್ನು ತನ್ನದೆಂದೇ ತಿಳಿದು ಕಚ್ಚಿರುತ್ತದೆ. ಗಾಳ ಹಾಕಿದವನ ಮುಖ ಸಪ್ಪಗಾಗುತ್ತದೆ. ಕೆಲವರು ಒರಟಾಗಿ ಕೊಕ್ಕೆ ಕಿತ್ತು ನೀರಿಗೆ ಎಸೆಯುತ್ತಾರೆ. ದಡದ ಮೇಲೆಯೇ ಒದ್ದಾಡಿ ಸಾಯಲೆಂದು ಬಿಸಾಡಿ ಹೋಗುತ್ತಿದ್ದವರೂ ಇದ್ದರು. ಕೆಲಸಕ್ಕೆ ಬಾರದ ಕಸದ ಮೀನು ಎಂಬ ಮಾತು ಅದರ ಬೆನ್ನಿಗೆ ಅಂಟಿಬಿಟ್ಟಿತ್ತು.

ಓದುಗರೇ, ಈ ಮೀನಿನ ವಿಷಯ ನಮ್ಮ ಪುಟಕ್ಕೇಕೆ ಎಂದು ಕೇಳಬೇಡಿ. ನಾವು ಬಯಸದೆ ನಮ್ಮ ಬಳಿಗೆ ಬಂದದ್ದಕ್ಕೆ ನಮ್ಮ ಋಣವೇನಾದರೂ ಇದೆಯೇ? ಕೆಲವು ತಿಂಗಳಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು.

‘ನನ್ನ ಕೊಕ್ಕೆ ನಿನಗೆಂದು ಹಾಕಿದ್ದಲ್ಲ’ ಎಂಬುದು ಆ ಗಾಳಗಾರನ ಸಮರ್ಥನೆ. ಉದ್ದೇಶಕ್ಕೆ ಬೆಲೆಯಿದೆ, ನಿಜ. ಸಂತ ಥಾಮಸ್ ಅಕ್ವಿನಾಸರು ಆತ್ಮರಕ್ಷಣೆಯ ವಿಚಾರ ಬರೆಯುವಾಗ, ಒಂದೇ ಕ್ರಿಯೆಗೆ ಎರಡು ಪರಿಣಾಮಗಳಿರಬಹುದು, ಒಂದು ನಾವು ಉದ್ದೇಶಿಸಿದ್ದು, ಮತ್ತೊಂದು ಉದ್ದೇಶದ ಹೊರಗಿನದು ಎಂದು ವಿವರಿಸಿದರು. ಬಹಳ ಜನ ಅಷ್ಟನ್ನೇ ನೆನಪಿಟ್ಟುಕೊಂಡು ಹಾಯಾಗಿರುತ್ತಾರೆ. ಆದರೆ ಅದರ ಬೆನ್ನಿಗೇ, ತಕ್ಕ ಎಚ್ಚರ ವಹಿಸದೆ ಮತ್ತೊಬ್ಬನ ಸಾವಿಗೆ ಕಾರಣನಾದವನು ತಪ್ಪಿನಿಂದ ಪಾರಾಗುವುದಿಲ್ಲ ಎಂದೂ ಅವರು ಬರೆದಿದ್ದಾರೆ. ಅವರು ಹೇಳಿದ್ದು ಮನುಷ್ಯರ ವಿಷಯ. ಮೀನಿಗೆ ಹೋಲಿಸಿದ್ದು ನನ್ನ ಸ್ವಾತಂತ್ರ್ಯ. ವೈಟ್‌ಫಿಷ್ ಗುಂಪುಗುಂಪಾಗಿರುವ ಮಡುವಿನಲ್ಲಿ ಗಾಳ ಬಿಟ್ಟವನು ‘ನನಗೆ ಗೊತ್ತಿರಲಿಲ್ಲ’ ಎನ್ನುವಂತಿಲ್ಲವಷ್ಟೆ? ಕೊಕ್ಕೆ ಟ್ರೌಟ್‌ನ ಬಾಯಿಗೆ ಮಾಡುವ ಗಾಯವನ್ನೇ ಇದರ ಬಾಯಿಗೂ ಮಾಡುತ್ತದೆ. ಟ್ರೌಟ್ ಸಿಕ್ಕಾಗ ಕೈ ಒದ್ದೆ ಮಾಡಿಕೊಂಡು ಮೆಲ್ಲಗೆ ಹಿಡಿಯುತ್ತಾರೆ. ಒಣ ಕೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಹೋಗಿ ರೋಗ ತಗಲುತ್ತದೆಂದು ಬಲ್ಲರು. ಅದೇ ಮನುಷ್ಯನಿಗೆ ವೈಟ್‌ಫಿಷ್ ಸಿಕ್ಕಾಗ ಆ ತಿಳಿವಳಿಕೆ ಎಲ್ಲಿ ಹೋಯಿತು? ನಿರಾಶೆ ಪಾಪವಲ್ಲ. ಆದರೆ ಅದು ನಮ್ಮ ಒಳಗಿನ ಸುದ್ದಿ. ಆ ಮೀನು ಎಂಥದ್ದು ಎಂಬುದನ್ನು ಅದು ಹೇಳುವುದಿಲ್ಲ.

ಮೀನು ಎಂಥದ್ದೆಂದು ನೋಡಲು ಹೊರಟರೆ ಸಂಗತಿ ತಲೆಕೆಳಗಾಗುತ್ತದೆ. ವೈಟ್‌ಫಿಷ್ ಆ ನದಿಗಳ ಮೂಲನಿವಾಸಿ. ಬೆನ್ನಿನ ಕೊನೆಯಲ್ಲಿ ಚಿಕ್ಕದೊಂದು ಮೆದು ರೆಕ್ಕೆಯಿದ್ದು, ಟ್ರೌಟ್, ಸಾಲ್ಮನ್‌ಗಳ ಕುಟುಂಬಕ್ಕೇ ಸೇರಿದ್ದು. ಅಲ್ಲಿನ ಟ್ರೌಟ್‌ಗಳಲ್ಲಿ ಕಟ್‌ಥ್ರೋಟ್ ಸ್ಥಳೀಯವೇ. ಆದರೆ ಜನ ಹೆಚ್ಚಾಗಿ ಹಂಬಲಿಸುವ ಬ್ರೌನ್ ಟ್ರೌಟ್ ಯೂರೋಪಿನದು. 1883ರಲ್ಲಿ ಜರ್ಮನಿಯಿಂದ ಮೊಟ್ಟೆಗಳನ್ನು ಹಡಗಿನಲ್ಲಿ ಅಮೆರಿಕಕ್ಕೆ ತರಿಸಿ ಮರಿ ಮಾಡಿಸಿದ್ದು. ರೇನ್‌ಬೋ ಟ್ರೌಟ್ ಶಾಂತಸಾಗರದ ಕರಾವಳಿಯ ನದಿಗಳಿಂದ ಬಂದದ್ದು. ಅಂದರೆ ಮನೆಗೆ ಬಂದ ನೆಂಟ, ಹಿತ್ತಲಲ್ಲಿ ಕಂಡ ಮನೆಯ ಯಜಮಾನನನ್ನೇ ‘ನೀನ್ಯಾರು?’ ಎಂದು ಗದರಿಸಿದ ಹಾಗಾಯಿತು.

ನಮ್ಮ ಕಾವೇರಿಯಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಲೋಣಾವಳದ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಒಳ್ಳೆಯದಾಗಲೆಂದೇ ಹೊಳೆಗೆ ಬಿಟ್ಟರು. ಅವು ಹೆಚ್ಚಿದವು, ಎಲ್ಲರೂ ಸಂತೋಷಪಟ್ಟರು. ಕಾವೇರಿಯದೇ ಆದ ಗೂನು ಬೆನ್ನಿನ ಮಹಶೀರ್ ಸದ್ದಿಲ್ಲದೆ ಕ್ಷೀಣಿಸಿತು. ಅದು ಯಾವ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದೇ 2018ರಲ್ಲಿ. ಅದೇ ವರ್ಷ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿಸಿದರು.

ಅಲಾಸ್ಕಾದ ಘಟನೆ ಇನ್ನೂ ಕಹಿಯಾದದ್ದು. ಡಾಲಿ ವಾರ್ಡನ್ ಎಂಬ ಮೀನು ಬೆಲೆಬಾಳುವ ಸಾಲ್ಮನ್‌ನ ಮೊಟ್ಟೆಮರಿಗಳನ್ನು ತಿಂದುಹಾಕುತ್ತದೆಂದು, 1921ರಿಂದ ಸುಮಾರು 20 ವರ್ಷ ಅದರ ಬಾಲ ತಂದವರಿಗೆ ತಲಾ ಕೆಲವು ಸೆಂಟುಗಳ ಬಹುಮಾನ ಕೊಟ್ಟರು. ಜನ ಬಾಲಗಳನ್ನು ಪೋಣಿಸಿ ಹೊತ್ತು ತಂದರು. ಕೊನೆಗೊಮ್ಮೆ ಸಾವಿರಾರು ಬಾಲಗಳನ್ನು ಪರೀಕ್ಷಿಸಿ ನೋಡಿದಾಗ ಹೆಚ್ಚಿನವು ಯಾವುದನ್ನು ಉಳಿಸಬೇಕೆಂದಿದ್ದರೋ ಆ ಸಾಲ್ಮನ್‌ನವೇ ಆಗಿದ್ದವು! ಒಮ್ಮೆ ‘ಕೆಟ್ಟದ್ದು’ ಎಂಬ ಹೆಸರು ಕೊಟ್ಟ ಮೇಲೆ ಕಣ್ಣು ನೋಡುವುದನ್ನೇ ಬಿಡುತ್ತದೆ.

ಹಾಗಾದರೆ ಬಂದದ್ದನ್ನೆಲ್ಲ ಅಪ್ಪಿಕೊಳ್ಳಬೇಕೇ? ಅದೂ ಸುಳ್ಳು. 1994ರಲ್ಲಿ ಯೆಲ್ಲೋಸ್ಟೋನ್ ಸರೋವರದಲ್ಲಿ ಒಬ್ಬರ ಗಾಳಕ್ಕೆ, ಅಲ್ಲಿ ಇರಬಾರದಿದ್ದ ಲೇಕ್ ಟ್ರೌಟ್ ಸಿಕ್ಕಿತು. ಯಾರೋ ಹೊರಗಿನಿಂದ ತಂದು ಬಿಟ್ಟಿದ್ದ ಅದು ಅಲ್ಲಿನ ಕಟ್‌ಥ್ರೋಟನ್ನು ನುಂಗುತ್ತಿತ್ತು. ಕಟ್‌ಥ್ರೋಟ್ ಮೊಟ್ಟೆಯಿಡಲು ತೊರೆಗಳಿಗೆ ಏರುವುದರಿಂದ ಕರಡಿ, ನೀರುನಾಯಿ, ಹದ್ದುಗಳಿಗೆಲ್ಲ ಆಹಾರ. ಆಳದಲ್ಲೇ ಇರುವ ಲೇಕ್ ಟ್ರೌಟ್ ಅವುಗಳ ಕೈಗೆ ಎಟುಕುವುದಿಲ್ಲ. ಒಂದು ಮೀನಿನ ಜಾಗಕ್ಕೆ ಇನ್ನೊಂದು ಬಂದು ಇಡೀ ಕಾಡು ಹಸಿಯಿತು. ಅಲ್ಲಿ ಸಿಕ್ಕ ಲೇಕ್ ಟ್ರೌಟನ್ನು ಕೊಲ್ಲಲೇಬೇಕೆಂಬ ನಿಯಮವಿದೆ, ಅದು ನ್ಯಾಯವೇ ಎಂದು ನನಗೆ ತೋರುತ್ತದೆ. ಆದರೆ ಗಮನಿಸಿ, ಆ ದಿನ ಸಿಕ್ಕ ಮೀನನ್ನು ‘ನನಗೆ ಬೇಕಾದ್ದಲ್ಲ’ ಎಂದು ಮುಖ ಸಿಂಡರಿಸಿ ನೀರಿಗೆ ಎಸೆದಿದ್ದರೆ ಆ ಅಪಾಯ ಅಂದು ಬೆಳಕಿಗೆ ಬರುತ್ತಿರಲಿಲ್ಲ. ಸ್ವಾಗತಿಸಲಿಕ್ಕಾಗಲಿ ತಿರಸ್ಕರಿಸಲಿಕ್ಕಾಗಲಿ ಮೊದಲು ಅದನ್ನು ಕೈಯಲ್ಲಿ ಹಿಡಿದು ನೋಡಬೇಕಾಗುತ್ತದೆ. ಶುಭಸಂದೇಶಗಳಲ್ಲಿ ಗಾಳದ ಮಾತು ಬರುವುದು ಒಂದೇ ಕಡೆ, ಸಂತ ಮತ್ತಾಯರಲ್ಲಿ. ಬಲೆ ಬೀಸಿಯೇ ಬದುಕಿದ್ದ ಪೇತ್ರನಿಗೆ ಯೇಸುಸ್ವಾಮಿ ಗಾಳ ಹಾಕೆಂದರು. ಇಂಥದೇ ಮೀನು ಹಿಡಿ ಎನ್ನಲಿಲ್ಲ. ಮೊದಲು ಬರುವ ಮೀನಿನ ಬಾಯನ್ನು ತೆರೆದು ನೋಡೆಂದರು.

ನನ್ನ ಮನೆಯ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಹಿರಿಯ ಮಗ ಇಂಜಿನಿಯರ್ ಆಗಬೇಕೆಂದು ಅವನು ಹುಟ್ಟಿದ ವರ್ಷವೇ ನಾನು ನಿಶ್ಚಯಿಸಿಕೊಂಡಿದ್ದೆ. ಪಿಯುಸಿಯಲ್ಲಿ ಎರಡು ಸಲ ಗಣಿತದಲ್ಲಿ ಕೆಳಗೆ ಬಿದ್ದ. ಎರಡನೆಯ ಸಲ ಅಂಕಪಟ್ಟಿಯನ್ನು ಮೇಜಿನ ಮೇಲಿಟ್ಟು ಅವನು ನಿಂತೇ ಇದ್ದ. ನಾನು ಕಾಗದವನ್ನು ನೋಡಿದೆ, ಕನ್ನಡಕ ತೆಗೆದಿಟ್ಟೆ, ಎದ್ದು ಹೊರಗೆ ಹೋದೆ. ಬೈಯಲಿಲ್ಲ, ಹೊಡೆಯಲಿಲ್ಲ, ಅದನ್ನೇ ನನ್ನ ಒಳ್ಳೆಯತನವೆಂದು ಬಹಳ ವರ್ಷ ತಿಳಿದಿದ್ದೆ. ಅವನ ಅಮ್ಮ ಮಾತ್ರ ಒಮ್ಮೆ, ‘ಅವತ್ತು ನೀವು ಅವನ ಕಡೆ ತಿರುಗಿಯೂ ನೋಡಲಿಲ್ಲ’ ಎಂದಳು. ಅವನು ಬಡಗಿಯ ಕೆಲಸ ಕಲಿತ. ಆ ಕೆಲಸದ ಮೇಲೆ ಅವನಿಗೆ ಎಷ್ಟು ಪ್ರೀತಿಯಿತ್ತೆಂಬುದು ನನಗೆ ಗೊತ್ತಾದದ್ದು ಅವನ ಗಿರಾಕಿಗಳಿಂದ.

ಈ ವರ್ಷ ಅವನ ಮಗಳು ಏಳನೆಯ ತರಗತಿಯ ಅಂಕಪಟ್ಟಿ ತಂದಳು. ನಾನು ಅಲ್ಲೇ ಕುಳಿತಿದ್ದೆ. ಅವನು ಉಳಿ ಕೆಳಗಿಟ್ಟು, ಕೈಯ ಮರದ ಪುಡಿ ಒರೆಸಿಕೊಂಡು, ಮೊದಲು ಅವಳ ಮುಖ ನೋಡಿದ. ಕಾಗದವನ್ನು ಆಮೇಲೆ ತೆಗೆದುಕೊಂಡ.