ಓದಿ ಹೇಳುವವರು ಬೇಕು



ಬೀದರ್ ನಗರದಲ್ಲಾಗಲಿ, ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಾಗಲಿ ನಮ್ಮ ಅನೇಕ ಮನೆಗಳಲ್ಲಿ ಬೈಬಲ್ ಇದೆ. ಓದುವವರು ಮಾತ್ರ ಕಡಿಮೆ. "ಅಜ್ಜಿಗೆ ಅಕ್ಷರ ಬಾರದು, ಮನೆಮಾತು ಮರಾಠಿ, ಮಕ್ಕಳ ಶಾಲೆ ಇಂಗ್ಲಿಷ್. ಯಾರು ಓದಬೇಕು ಫಾದರ್?" ಎನ್ನುತ್ತಾರೆ. ಇದು ನೆವವಲ್ಲ, ನಿಜವಾದ ತೊಡಕು.

ದೇವಜನರಿಗೆ ಈ ತೊಡಕು ಹೊಸದಲ್ಲ. ನೆಹೆಮೀಯನ ಗ್ರಂಥದ 8ನೇ ಅಧ್ಯಾಯ ನೋಡಿ. ಸೆರೆಯಿಂದ ಮರಳಿದ ಜನರು ಜೆರುಸಲೇಮಿನ ಚೌಕದಲ್ಲಿ ಸೇರಿದ್ದರು. ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದಿದನು. ಲೇವಿಯರು ಅರ್ಥ ಬಿಡಿಸಿ ಹೇಳಿದರು. ಜನರ ಕೈಯಲ್ಲಿ ಪುಸ್ತಕವಿರಲಿಲ್ಲ. ಕಿವಿಗೊಟ್ಟು ಕೇಳಿದರು, ಅತ್ತರು. ಅರ್ಥವಾಯಿತೆಂಬ ಸಂತೋಷದಲ್ಲಿ, ಏನೂ ಇಲ್ಲದವರಿಗೂ ಊಟ ಕಳುಹಿಸಿದರು.

ಎಲ್ಲ ವಿಶ್ವಾಸಿಗಳೂ ಪವಿತ್ರ ಗ್ರಂಥವನ್ನು ಮೇಲಿಂದ ಮೇಲೆ ಓದಬೇಕೆಂದು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಕರೆಯಿತ್ತಿತು. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ದೈವವಾಕ್ಯಕ್ಕೆಂದೇ ವರ್ಷದ ಒಂದು ಭಾನುವಾರವನ್ನು ಗೊತ್ತುಮಾಡಿದರು. ಉಳಿದ ದಿನಗಳು ನಮ್ಮ ಪಾಲಿನವು.

ರಾತ್ರಿ ಜಪಸರ ಮುಗಿದ ಮೇಲೆ ಕನ್ನಡ ಬಲ್ಲ ಮಗು ಶುಭಸಂದೇಶದ ಹತ್ತು ಸಾಲು ಓದಲಿ. ತಾಯಿ ಅದನ್ನು ಮನೆಮಾತಿನಲ್ಲಿ ಹೇಳಲಿ. ಅಜ್ಜಿ ತನ್ನ ಬಾಳಿನಲ್ಲಿ ಕಂಡದ್ದನ್ನು ಕೂಡಿಸಲಿ. ಆಗ ಲೇವಿಯರ ಕೆಲಸ ನಿಮ್ಮ ಮನೆಯಲ್ಲೇ ನಡೆದಂತೆ. ಪಕ್ಕದ ಮನೆಯಲ್ಲಿ ಅಂದು ಒಲೆ ಹೊತ್ತಿಲ್ಲವಾದರೆ ಎರಡು ರೊಟ್ಟಿ ಅಲ್ಲಿಗೂ ಹೋಗಲಿ. ಓದಿದ್ದು ಅರ್ಥವಾಯಿತೆನ್ನಲು ಅದೇ ಗುರುತು.